ಆಳ ನೀರಿನ ಕೇರಿ

"ಎಳೀರ್ಲಾ ಬೋಳಿಮಕ್ಳಾ! ಅನ್ನ ತಿಂತೀರೋ ಸಗಣಿ ತಿಂತೀರೋ? ತೆಪ್ಪ ಅಳ್ಳಾಡ್ತಾನೇ ಇಲ್ವಲ್ಲಾ!"

ತೆಪ್ಪದೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಯಜಮಾನ ಗುರುಮಲ್ಲಪ್ಪ ಹೀಗೆ ಬೊಬ್ಬೆ ಹೊಡೆದಾಗ, ಹಗ್ಗದ ತುದಿ ಹಿಡಿದಿದ್ದ ಚಿಕ್ಕಮಾದಮ್ಮ ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದಳು. ಅವಳ ಹಿಂದೆ ಮೈದ ಪುಟ್ಟಮಾದಪ್ಪ, ಅವನ ಹಿಂದೆ ಕೇರಿಯ ಉಳಿದವರು. ತೆಪ್ಪ ಕಲ್ಲು, ಜಾಲಿಮುಳ್ಳಿನ ಮೇಲೆ ಕರಕರ ಎನ್ನುತ್ತ ಒಂದಿಷ್ಟು ಜರುಗಿ ನಿಂತಿತು. ದೊಡ್ಡಕೆರೆಯಲ್ಲಿ ನೀರಿರಲಿಲ್ಲ. ಚಿಕ್ಕಮಾದಮ್ಮ ಅಜ್ಜೀಪುರದಿಂದ ಈ ಊರಿಗೆ ಸೊಸೆಯಾಗಿ ಬಂದಾಗಲೂ ಇರಲಿಲ್ಲ.

ಹಗ್ಗವನ್ನು ಬೇಕೆಂದೇ ಉದ್ದ ಬಿಡಿಸಿದ್ದರು. ಹೊಗೇನಕಲ್ಲಿನಿಂದ ಟೆಂಪೋದಲ್ಲಿ ತರಿಸಿದ ತೆಪ್ಪಕ್ಕೆ ಬೆಳಿಗ್ಗೆ ಗಂಗೆಪೂಜೆ ಆಗಿತ್ತು. ಹಾಗಾಗಿ ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ, ದೂರದಿಂದ ಎಳೆಯಬಹುದಿತ್ತು. ಮುಟ್ಟಿದರೆ ಮೈಲಿಗೆ, ಎಳೆದರೆ ಇಲ್ಲ. ಶಾಸ್ತ್ರ ಮಾಡಿದವರು ಬಹಳ ಯೋಚನೆ ಮಾಡಿಯೇ ಮಾಡಿದ್ದಾರೆ.

ಗುರುಮಲ್ಲಪ್ಪನ ಪಕ್ಕದ ಕುರ್ಚಿಯಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಗಾಳಿ ನಿಗಮದ ಸಾಹೇಬ. ಇಬ್ಬರ ಮೈಮೇಲೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಸಾಹೇಬನ ತೊಡೆಯ ಮೇಲೊಂದು ಟ್ಯಾಬು. ಅದರಲ್ಲಿ ದೊಡ್ಡಕೆರೆ ನೀಲಿಯಾಗಿತ್ತು, ನಟ್ಟನಡುವೆ ಕೆಂಪು ಮಚ್ಚೆಯಿತ್ತು. ಆ ಕೆಂಪು ಮಚ್ಚೆಯೇ ಕೇರಿ.

ಕಡಲಲ್ಲಿ ಗಾಳಿಯಂತ್ರಗಳನ್ನು ಎಲ್ಲಿ ನೆಡಬೇಕೆಂದು ತಿಳಿಯಲು ಉಪಗ್ರಹ ಮೇಲಿನಿಂದ ನೀರನ್ನು ನೋಡುತ್ತದಂತೆ. ನೀರಿನ ಮೈ ಎಷ್ಟು ಸುಕ್ಕುಗಟ್ಟಿದೆಯೋ ಗಾಳಿ ಅಷ್ಟು ಜೋರು ಎಂದು ಲೆಕ್ಕ. ಕಡಲಿನ ಮಟ್ಟಿಗೆ ಈ ಲೆಕ್ಕ ಸರಿಯೇ. ಆದರೆ ನಿಗಮದ ಯಾರೋ ಪುಣ್ಯಾತ್ಮ ಅದೇ ಲೆಕ್ಕವನ್ನು ನಕ್ಷೆಯಲ್ಲಿ ನೀಲಿ ಕಂಡಲ್ಲೆಲ್ಲ ಹಾಕಿದ. ಹಳೆಯ ನಕ್ಷೆಯ ದೊಡ್ಡಕೆರೆ ನೀಲಿ. ಅದರ ನಡುವೆ ಕೇರಿಯ ಸೂರುಗಳ ತಗಡು, ಏರಿಳಿತ ಏರಿಳಿತವಾಗಿ. ಉಪಗ್ರಹಕ್ಕೆ ಅದು ಅಲೆಯಾಗಿ ಕಂಡಿತು. ಹನೂರು ತಾಲ್ಲೂಕಿನಲ್ಲೇ ಇಷ್ಟು ಗಾಳಿ ಬೇರೆಲ್ಲೂ ಇಲ್ಲವೆಂದು ತೀರ್ಮಾನವಾಯಿತು. ಆ ತಗ್ಗಿನಲ್ಲಿ ಒಂದು ಎಲೆ ಅಲ್ಲಾಡುವುದಿಲ್ಲ. ರಾಗಿ ತೂರುವಾಗ ಒಬ್ಬಳು ಮೇಲಿಂದ ಸುರಿದರೆ ಇನ್ನೊಬ್ಬಳು ಮೊರ ಬೀಸಿ ಗಾಳಿ ಹಾಕಬೇಕು.

ಇದನ್ನೆಲ್ಲ ಹೇಳಲು ಚಿಕ್ಕಮಾದಮ್ಮ ಕೇರಿಯವರನ್ನು ಕಟ್ಟಿಕೊಂಡು ಸಾಹೇಬನ ಕಚೇರಿಗೆ ಹೋಗಿದ್ದಳು. ಬಾಗಿಲಲ್ಲೇ ಜವಾನ ತಡೆದ.

"ಯಾವೂರು?"

"ದೊಡ್ಡಕೆರೆ ಕೇರಿ ಕನ ಸಾ."

"ಕೆರೆಯೋರಾ? ಅಲ್ಲೇ ನಿಂತ್ಕಳಿ, ಒದ್ದೆ ಕಾಲಲ್ಲಿ ಒಳಕ್ಕೆ ಬರಬ್ಯಾಡಿ. ಈಗ್ತಾನೆ ನೆಲ ಒರೆಸೀವ್ನಿ."

ಅವಳ ಪಾದ ಧೂಳು ಮೆತ್ತಿ ಬೂದಿಬಣ್ಣಕ್ಕೆ ತಿರುಗಿತ್ತು. ಸಾಹೇಬ ಒಳಗಿನಿಂದಲೇ ಕೇಳಿದ್ದ, "ಅಲ್ಲಮ್ಮಾ, ನೀರಲ್ಲಿ ಯಾರಾದ್ರೂ ಮನೆ ಕಟ್ತಾರಾ?"

"ನಾವ್ ಕಟ್ಟಿಲ್ಲ ಸಾ. ನಮ್ಮತ್ತೆ ಮಾವ ಊರೊಳ್ಗೆ ಗುಡಿ ಪಕ್ಕದಲ್ಲವ್ರೆ ಅಂತ ಗುರುಮಲ್ಲಪ್ಪ ಬುದ್ದಿಯೋರ್ ಅಪ್ಪನೇ ಕೆರೆ ಒಣಗ್ತಿದ್ದಂಗೇ ಅಲ್ಲಿಗೆ ಅಟ್ಟಿದ್ದು."

"ಹಾಗಾದ್ರೆ ಕೆರೆ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತಲ್ಲ," ಎಂದು ಸಾಹೇಬ ನಕ್ಕಿದ್ದ.

ಕೆರೆಯ ಮೀನಿನ ಗುತ್ತಿಗೆ ಗುರುಮಲ್ಲಪ್ಪನದು. ಒಂದು ಮೀನೂ ಇಲ್ಲದ ಕೆರೆಯ ಗುತ್ತಿಗೆಯನ್ನು ಅವನು ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದಿದ್ದ. ಯಂತ್ರ ಬಂದರೆ ಬಾಡಿಗೆ ಅವನಿಗೆ. ಇನ್ನು ಉಳಿದಿದ್ದದ್ದು ಒಂದೇ ಕೆಲಸ. ಏರಿಯಿಂದ ತೆಪ್ಪದಲ್ಲಿ ಹೊರಟು, ಎಲ್ಲಕ್ಕಿಂತ ಆಳದ ಜಾಗ ಮುಟ್ಟಿ, ಆಳ ನೀರು ಇದೆಯೆಂದು ಟ್ಯಾಬು ಒತ್ತಿ, ತೆಪ್ಪದಲ್ಲೇ ಏರಿಗೆ ವಾಪಸಾಗಬೇಕು. ಆಮೇಲೆ ಕೇರಿಯ ಮೇಲೆ ಜೆಸಿಬಿ ಹರಿಯುತ್ತದೆ. ತೆಪ್ಪ ಎಳೆದುಕೊಟ್ಟರೆ ತಗಡು ಬಿಚ್ಚಿಕೊಳ್ಳಲು ಒಂದು ವಾರ ಬಿಡುತ್ತೇನೆ, ಇಲ್ಲದಿದ್ದರೆ ಇವತ್ತೇ, ಎಂದಿದ್ದ ಗುರುಮಲ್ಲಪ್ಪ. ಅದಕ್ಕೇ ಎಳೆಯುತ್ತಿದ್ದರು. ತಮ್ಮ ಮನೆ ಬೀಳಿಸುವವರನ್ನು ತಾವೇ ಮನೆಗೆ ಎಳೆದುಕೊಂಡು ಹೋಗುತ್ತಿದ್ದರು.

"ಸ್ವಲ್ಪ ಎಡಕ್ಕೆ... ಇನ್ನೂ ಎಡಕ್ಕೆ... ಹಾಂ, ಇಲ್ಲೇ," ಎಂದ ಸಾಹೇಬ. ತೆಪ್ಪ ನಿಂತದ್ದು ಚಿಕ್ಕಮಾದಮ್ಮನ ಮನೆಯ ಅಂಗಳದಲ್ಲಿ. ಒರಗಿಸಿಟ್ಟಿದ್ದ ಸೌದೆ ತೆಪ್ಪ ತಗುಲಿ ಉರುಳಿತು. "ಇದಕ್ಕಿಂತ ಆಳ ಇಲ್ಲ ಯಜಮಾನ್ರೇ," ಎಂದು ಅವನು ಟ್ಯಾಬು ಒತ್ತಿದ.

ಗುರುಮಲ್ಲಪ್ಪ ಎದ್ದು ನಿಂತು ಬಾಗಿನದ ಮೊರ ಎತ್ತಿದ. ಅರಿಸಿನ, ಕುಂಕುಮ, ರವಿಕೆ ಕಣ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ. "ಗಂಗವ್ವಾ, ಒಪ್ಪಿಸ್ಕೋ ನಮ್ಮವ್ವಾ," ಎಂದು ಕೈ ಮುಗಿದು ನೀರಿಗೆ ಬಿಟ್ಟ. ಮೊರ ಅಂಗಳಕ್ಕೆ ಬಿದ್ದು ತೆಂಗಿನಕಾಯಿ ಹಟ್ಟಿಬಾಗಿಲಿಗೆ ಉರುಳಿತು. ಕೋಳಿಗಳು ಓಡಿಬಂದು ಅಕ್ಕಿ ಹೆಕ್ಕತೊಡಗಿದವು.

ಚಿಕ್ಕಮಾದಮ್ಮ ಹಗ್ಗ ಬಿಟ್ಟು ಬಂದು ಬಗ್ಗಿದಳು.

"ಮುಟ್ಬ್ಯಾಡ ಕಣೇ ಮುಂಡೆ! ಗಂಗವ್ವಂದು ಅದು!"

ಮುಂಡೆ ಎನ್ನಿಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಗಂಡ ಸತ್ತ ಮೇಲೆ ಯಾರೂ ಅವಳಿಗೆ ಚಿಟಿಕೆ ಅರಿಸಿನ ಕೊಟ್ಟಿರಲಿಲ್ಲ. ಅವಳು ಆ ಕಡೆ ಈ ಕಡೆ ನೋಡಿದಳು.

"ಎಲ್ಲವ್ಳೆ ಬುದ್ದಿ ಗಂಗವ್ವ? ಇಲ್ಲಿರವ್ಳು ನಾನೇಯ. ನಮ್ಮಟ್ಟಿ ಬಾಗ್ಲಿಗೇ ತಂದ್ಕೊಟ್ರಿ, ಒಪ್ಪಿಸ್ಕಂಡೆ ಬುಡಿ," ಎಂದು ಹಸಿರು ಬಳೆ ತೊಟ್ಟುಕೊಂಡಳು. ಬಳೆ ಚಿಕ್ಕದಿತ್ತು, ಬೆರಳ ಗಂಟು ತರಚಿತು. ಬಿಡದೆ ನೂಕಿ ಏರಿಸಿದಳು.

ಸಾಹೇಬನಿಗೆ ಇದಾವುದೂ ಬೇಕಿರಲಿಲ್ಲ. "ಆಯ್ತಲ್ಲ, ಏರಿ ಕಡೆ ತಿರುಗಿಸಿ ಎಳೀರಿ," ಎಂದ.

ಚಿಕ್ಕಮಾದಮ್ಮ ಹಗ್ಗ ಎತ್ತಿಕೊಂಡಳು. ಎಳೆಯಲಿಲ್ಲ. ಮನೆಯ ಕಂಬಕ್ಕೆ ಸುತ್ತು ಹಾಕಿ ಬಿಗಿಯಾಗಿ ಗಂಟು ಬಿಗಿದಳು. ಪುಟ್ಟಮಾದಪ್ಪ ಒಂದು ಗಳಿಗೆ ಅತ್ತಿಗೆಯ ಮುಖ ನೋಡಿದ. ಆಮೇಲೆ ತಾನೂ ಹೋಗಿ ಇನ್ನೊಂದು ಗಂಟು ಹಾಕಿ, "ಬರ್ರಲಾ, ಗಂಜಿ ಕುಡ್ಯಮ," ಎಂದು ಜಗಲಿಯ ಮೇಲೆ ಕೂತ. ಉಳಿದವರೂ ಕೂತರು.

"ಲೇ! ಇಳುದ್ ಬಂದ್ನೋ ಚರ್ಮ ಸುಲುದ್ಬುಡ್ತೀನಿ ಸೂಳೆಮಕ್ಳಾ!" ಗುರುಮಲ್ಲಪ್ಪ ಪಂಚೆ ಎತ್ತಿ ತೆಪ್ಪದ ಅಂಚಿನಾಚೆ ಒಂದು ಕಾಲು ಹಾಕಿದ.

"ಇಳೀಬೇಡಿ!" ಸಾಹೇಬ ಕಿರುಚಿ ಅವನ ಸೊಂಟ ಹಿಡಿದುಕೊಂಡ. "ಜಾಕೆಟ್‌ನಲ್ಲಿ ಯಂತ್ರ ಇದೆ. ಆಳದಲ್ಲಿ ತೆಪ್ಪ ಬಿಟ್ಟರೆ ಮುಳುಗಿ ಸತ್ತ ಅಂತ ದಿಲ್ಲಿಗೆ ಸುದ್ದಿ ಹೋಗಿಬಿಡುತ್ತೆ. ಬಿಚ್ಚಿದರೂ ಅಷ್ಟೇ. ನಮ್ಮವನೊಬ್ಬ ಕಡಲಲ್ಲಿ ಹೀಗೇ ಮರಳ ದಿಬ್ಬಕ್ಕೆ ಇಳಿದ. ಈಗ ಅವನ ಹೆಂಡತಿಗೆ ಪಿಂಚಣಿ ಬರ್ತಿದೆ. ಅವನು ಬದುಕಿದೀನಿ ಅಂತ ಕಚೇರಿಯಿಂದ ಕಚೇರಿಗೆ ಅಲೀತಿದಾನೆ."

ಗುರುಮಲ್ಲಪ್ಪನಿಗೆ ತಮ್ಮನ ಮುಖ ನೆನಪಾಯಿತು. ತಾನು ಸತ್ತರೆ ಗುತ್ತಿಗೆ ಯಾರ ಪಾಲಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡ.

"ಇಲ್ಲಿ ನೀರಿಲ್ಲ, ಮನೆ ಅವೆ, ಜನ ಅವ್ರೆ ಅಂತ ಒತ್ತಿ ಸಾ," ಎಂದಳು ಚಿಕ್ಕಮಾದಮ್ಮ. "ಆಮ್ಯಾಕೆ ಇಳುದು ನಡ್ಕಂಡೋಗಿ. ಯಾರ್ ಬ್ಯಾಡಂದರು?"

ಸಾಹೇಬ ಟ್ಯಾಬನ್ನು ತಿರುಗಿಸಿ ತೋರಿಸಿದ. ಅವನ ದನಿ ಅಳುವಷ್ಟು ಸಣ್ಣಗಾಗಿತ್ತು. "ನೋಡಮ್ಮ, ಆಳ ಇಲ್ಲದ ನೀರು, ಆಳ ನೀರು, ಕಡಲು. ಇಷ್ಟೇ ಇರೋದು. ನೆಲ ಅಂತ ಒತ್ತೋಕೆ ಜಾಗಾನೇ ಇಲ್ಲ."

"ಅಂಗಂದ್ರ ಕೂತ್ಕಳಿ."

ಬಿಸಿಲು ನೆತ್ತಿಗೆ ಬಂತು. ತೆಪ್ಪದ ತಳದ ಟಾರು ಕಾದು ವಾಸನೆ ಹೊಡೆಯಿತು. ಗುರುಮಲ್ಲಪ್ಪ ಬೈದ, ಗದರಿಸಿದ, ಪೊಲೀಸರ ಹೆಸರು ಹೇಳಿದ. ಕೊನೆಗೆ ನಾಲಗೆ ಒಣಗಿತು. ಜಗಲಿಯ ಮೇಲೆ ಗಂಜಿಯ ತಟ್ಟೆಗಳು ಸದ್ದು ಮಾಡುತ್ತಿದ್ದವು.

"ಚಿಕ್ಕಮಾದಮ್ಮಾ," ಎಂದ. ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಗಂಟ್ಲು ಒಣಗ್ತದ. ಒಂದ್ ಲೋಟ ನೀರಾರ ಕೊಡವ್ವಾ."

ಅವಳು ಬಳೆ ತೊಟ್ಟ ಕೈಯನ್ನು ಹಣೆಗೆ ಅಡ್ಡ ಹಿಡಿದು ಅವನನ್ನು ನೋಡಿದಳು.

"ಬಗ್ಗಿ ಮೊಗ್ದ್ ಕುಡೀರಿ ಬುದ್ದಿ. ಸುತ್ತಾ ನೀರೇಯ."

ಗುರುಮಲ್ಲಪ್ಪ ತೆಪ್ಪದ ಅಂಚು ಹಿಡಿದು, ನಿಜಕ್ಕೂ ಬಗ್ಗಿ ನೋಡಿದ.