ಐವತ್ತು ಪರ್ಸೆಂಟಿನ ಗೆರೆ

ನನ್ನ ತಮ್ಮ ತ್ವಾನ್ ಡಾಕ್ಟರ ಹತ್ತಿರವೂ ಚೌಕಾಸಿ ಮಾಡಿ ಬಂದವನು.

"ಅವರು ನೂರು ಪರ್ಸೆಂಟ್ ಬಿಡು ಅಂದ್ರು ಅಕ್ಕಾ. ನಾನು ಐವತ್ತಕ್ಕೆ ಇಳಿಸ್ದೆ," ಅಂತ ಆಸ್ಪತ್ರೆಯ ಕಾಗದವನ್ನು ಬಿಯರ್ ಪೀಪಾಯಿಯ ಮೇಲಿಟ್ಟು ಕೂತ.

"ಡಾಕ್ಟರು ಒಪ್ಪಿದ್ರಾ?"

"ತಲೆ ಆಡಿಸಿದ್ರು."

"ಹೇಗೆ ಆಡಿಸಿದ್ರು? ಹೀಗೋ, ಹೀಗೋ?"

"ನೀನೊಬ್ಬಳು! ಆಡಿಸಿದ್ರು ಅಂದ್ರೆ ಆಡಿಸಿದ್ರು."

ಆ ಡಾಕ್ಟರು ನನ್ನನ್ನು ಮೊದಲೇ ಹೊರಗೆ ಕರೆದು ಹೇಳಿದ್ದರು. ಲಿವರು ಗಟ್ಟಿಯಾಗಿಬಿಟ್ಟಿದೆ ಅಮ್ಮಾ, ಹೀಗೇ ಕುಡಿದರೆ ಮುಂದಿನ ಹೊಸ ವರ್ಷಕ್ಕೆ ನೀವು ಎಲೆಯಲ್ಲಿ ಕಟ್ಟುವ ಕಡುಬು ತಿನ್ನೋಕೆ ಈತ ಇರಲ್ಲ. ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಐವತ್ತಕ್ಕೆ ಹೂಂ ಅಂದೆ. ಯಾಕೆಂದರೆ ಸೊನ್ನೆಗೆ ಅವನು ಹೂಂ ಅನ್ನುವವನಲ್ಲ. ನನ್ನಂಗಡಿಯಲ್ಲಿ ಕೊಡದಿದ್ದರೆ ಹತ್ತು ಹೆಜ್ಜೆ ಆಚೆ ಇನ್ನೊಂದು ಅಂಗಡಿ ಇದೆ. ಹನೋಯ್‌ನಲ್ಲಿ ಬಿಯರಿಗೆ ಬರವೇ?

ಅಂಗಡಿ ಅಂದರೆ ರೈಲು ಹಳಿಯ ಪಕ್ಕದ ಗೋಡೆಗೆ ಕಟ್ಟಿದ ಒಂದು ತಗಡಿನ ಮಾಡು, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಬೆಳಿಗ್ಗೆ ಒಂಬತ್ತಕ್ಕೆ ಪೀಪಾಯಿಗಳು ಬರುತ್ತವೆ. ಅದು ಅವತ್ತಿನ ಬಿಯರು, ಅವತ್ತೇ ಮುಗಿಯಬೇಕು. ಒದ್ದೆ ಗೋಣಿ ಸುತ್ತಿ, ಕೊಳವೆ ಹಾಕಿ, ಲೋಟಕ್ಕೆ ಹಿಡಿಯುವುದು ನನ್ನ ಕೆಲಸ. ಮೂವತ್ತೊಂದು ವರ್ಷದಿಂದ ಹಿಡಿಯುತ್ತಿದ್ದೇನೆ.

ಲೋಟ ಮಾಡುವುದು ತ್ವಾನನ ಕೆಲಸವಾಗಿತ್ತು. ನಮ್ಮದು ಗಾಜು ಊದುವವರ ಊರು. ಒಡೆದ ಬಾಟಲಿ, ಔಷಧಿ ಸೀಸೆ, ಕಿಟಕಿ ಚೂರು ಎಲ್ಲವನ್ನೂ ಕುಲುಮೆಯಲ್ಲಿ ಕರಗಿಸಿ ಹಸಿರು ಛಾಯೆಯ ಲೋಟ ಊದುತ್ತಿದ್ದರು. ಮೈಯೆಲ್ಲ ಗುಳ್ಳೆ, ಒಂದು ಸ್ವಲ್ಪ ಓರೆ, ಇನ್ನೊಂದು ಸ್ವಲ್ಪ ದಪ್ಪ. ಕೆಳಗೆ ಕಿರಿದು, ಬಾಯಿ ಅಗಲ. ಹನೋಯ್‌ನ ಬಿಯರಿಗೆ ಬೇರೆ ಲೋಟ ಯಾರೂ ಮುಟ್ಟುವುದಿಲ್ಲ. ಒಂದು ಬೇಸಿಗೆಯಲ್ಲಿ ನಾನು ಚೀನೀ ಮಗ್ಗುಗಳನ್ನು ತಂದಿದ್ದೆ, ನೆಟ್ಟಗೆ, ಹಿಡಿ ಇದ್ದದ್ದು. ಗಿರಾಕಿಗಳು ಅದನ್ನು ಹಿಡಿದುಕೊಂಡು ಗಂಟೆಗಟ್ಟಲೆ ಮಾತಾಡಿದರೇ ಹೊರತು ಕುಡಿಯಲಿಲ್ಲ. ಸಂಜೆ ಅರ್ಧ ಪೀಪಾಯಿ ಚರಂಡಿಗೆ ಚೆಲ್ಲಿದೆ. ನಮ್ಮ ಲೋಟದಲ್ಲಿ ಹಾಗಲ್ಲ, ಹಿಡಿದು ಇಟ್ಟ ಕೂಡಲೇ ಇಳಿದುಹೋಗುತ್ತದೆ. ಯಾಕೆ ಅಂತ ಆಗ ನಾನು ಯೋಚಿಸಲಿಲ್ಲ. ಮಗ್ಗುಗಳನ್ನು ಗುಜರಿಗೆ ಹಾಕಿದೆ, ಅಷ್ಟೇ.

ತ್ವಾನನ ಕುಲುಮೆ ಆರಿ ಏಳು ವರ್ಷ. ಅಂದಿನಿಂದ ನನ್ನ ಅಟ್ಟದ ಮೇಲೆ ಮಲಗುತ್ತಾನೆ, ಹತ್ತೂವರೆಗೆ ಕೆಳಗಿಳಿದು ಬರುತ್ತಾನೆ. ಅವನ ಮೇಜಿಗೆ ಇಬ್ಬರು ಖಾಯಂ: ರೈಲು ಓಡಿಸಿ ನಿವೃತ್ತನಾದ ಬಿಯೆನ್, ಮತ್ತು ಗೋಡೆಗೆ ಕನ್ನಡಿ ನೇತುಹಾಕಿ ಕ್ಷೌರ ಮಾಡುವ ದಾವ್. ಬೇಯಿಸಿದ ಕಡಲೆಕಾಯಿ, ಹುರಿದ ತೋಫು, ಮಧ್ಯೆ ಮಧ್ಯೆ ಯಾರಾದರೂ ಲೋಟ ಎತ್ತುವುದು. ಎತ್ತಿದವನು ಎಷ್ಟು ಅಂತ ಕೂಗಬೇಕು. ನೂರು ಪರ್ಸೆಂಟ್ ಅಂದರೆ ತಳ ಕಾಣಬೇಕು. ಐವತ್ತು ಅಂದರೆ ಅರ್ಧ. ಕೂಗಿದ ಮೇಲೆ ಮೇಜಿನಲ್ಲಿದ್ದವರೆಲ್ಲ ಅಷ್ಟೇ ಕುಡಿಯಬೇಕು, ಒಂದು ಗುಟುಕು ಹೆಚ್ಚಿಲ್ಲ, ಕಡಿಮೆಯಿಲ್ಲ. ಕುಡಿದು ಕೈ ಕುಲುಕಬೇಕು. ಕಡಿಮೆ ಕುಡಿದವನ ಕೈಯನ್ನು ಯಾರೂ ಹಿಡಿಯುವುದಿಲ್ಲ.

ಹಾಗಾಗಿ ಐವತ್ತು ಪರ್ಸೆಂಟ್ ಅಂದರೆ ಮರ್ಯಾದೆಗೆಡದೆ ತಪ್ಪಿಸಿಕೊಳ್ಳುವ ಒಂದೇ ದಾರಿ. ಒಪ್ಪಂದ ಹೀಗಾಯಿತು: ತ್ವಾನ್ ದಿನಕ್ಕೆ ನಾಲ್ಕು ಸಲ ಲೋಟ ಎತ್ತಬಹುದು, ಪ್ರತಿ ಸಲವೂ ಅರ್ಧ. ಉಳಿದರ್ಧವನ್ನು ನಾನು ಎತ್ತಿಕೊಂಡು ಹೋಗುತ್ತೇನೆ.

"ಅರ್ಧ ಎಲ್ಲಿ ಅಂತ ಹೇಗೆ ಗೊತ್ತಾಗತ್ತೋ?" ಎಂದು ಬಿಯೆನ್ ಮೊದಲ ದಿನವೇ ತಕರಾರು ತೆಗೆದ. "ನಿನ್ನ ಮೂಗು ಮುಳುಗೋವರೆಗೆ ಅರ್ಧಾನಾ?"

"ನಾನು ಲೋಟ ಮಾಡೋನು. ನನಗೆ ಅರ್ಧ ಹೇಳ್ಕೊಡ್ತೀಯಾ?"

"ಮಾಡ್ತಿದ್ದೋನು," ಎಂದ ದಾವ್, ಕಡಲೆಕಾಯಿ ಸುಲಿಯುತ್ತಾ.

ಆ ಮಾತು ತ್ವಾನನಿಗೆ ತಾಗಿತು. ಮಾರನೇ ದಿನ ಅಟ್ಟದ ಮೂಲೆಯಿಂದ ಗೋಣಿಚೀಲ ಎಳೆದ. ಒಳಗೆ ಅವನ ಕಬ್ಬಿಣದ ಅಚ್ಚು. ಕುಲುಮೆ ಮಾರಿದರೂ ಅದನ್ನು ಮಾರಿರಲಿಲ್ಲ. ಒಂದು ದಾರವನ್ನು ಅಚ್ಚಿನ ತಳದಿಂದ ಬಾಯಿಯವರೆಗೆ ಹಿಡಿದು ಅಳೆದ, ದಾರವನ್ನು ಎರಡಾಗಿ ಮಡಚಿದ, ಮಡಿಕೆ ಬಂದ ಜಾಗದಲ್ಲಿ ಅರದಿಂದ ಸುತ್ತ ಕಚ್ಚು ಕೊರೆದ. ಅಚ್ಚು ಹೊತ್ತುಕೊಂಡು ಊರಿಗೆ ಬಸ್ಸು ಹತ್ತಿದ. ಅಲ್ಲಿ ಒಂದೇ ಒಂದು ಕುಲುಮೆ ಇನ್ನೂ ಉರಿಯುತ್ತಿದೆ, ಲ್ಯೂ ಎಂಬವಳದ್ದು. ಮೂರು ದಿನದ ನಂತರ ಒಣಹುಲ್ಲಿನಲ್ಲಿ ಸುತ್ತಿದ ನಲವತ್ತು ಲೋಟ ತಂದ. ಪ್ರತಿಯೊಂದರ ನಟ್ಟನಡುವೆ ಉಬ್ಬಿದ ಒಂದು ಗೆರೆ, ಬೆರಳಿಗೆ ಸಿಗುವಂಥದ್ದು.

ಏಳು ವರ್ಷದಲ್ಲಿ ನನ್ನ ತಮ್ಮನ ಮುಖ ಹಾಗೆ ಇದ್ದದ್ದನ್ನು ನಾನು ನೋಡಿರಲಿಲ್ಲ. "ತಡವಿ ನೋಡಕ್ಕಾ. ಕಣ್ಮುಚ್ಚಿ ತಡವಿ ನೋಡು," ಅಂತ ನನ್ನ ಹೆಬ್ಬೆರಳನ್ನು ಹಿಡಿದು ಗೆರೆಯ ಮೇಲೆ ಓಡಿಸಿದ. ಊದುವಾಗ ಮೂರು ಸಲ ಕೂತು ಸುಧಾರಿಸಿಕೊಂಡೆ ಅಂತ ಹೇಳಿದ್ದನ್ನು ನಾನು ಆ ಸಂತೋಷದಲ್ಲಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಗೆರೆ ಬಂದದ್ದೇ ತಡ, ಅಂಗಡಿಗೆ ಕಳೆ ಬಂತು. ಮೊದಲು ಐವತ್ತು ಅಂದರೆ ಜನ ಒಂದು ಗುಟುಕು, ಒಂದು ಮಾತು, ಇನ್ನೊಂದು ಗುಟುಕು, ಲೋಟ ಬೆಳಕಿಗೆ ಹಿಡಿದು "ಆಯ್ತೇನೋ?" "ಇನ್ನೂ ಆಗಿಲ್ಲ ಕಣೋ" ಅಂತ ಹೊತ್ತು ಕಳೆಯುತ್ತಿದ್ದರು. ಈಗ ಯಾವನೂ ನಿಲ್ಲಿಸುವುದಿಲ್ಲ. "ಗೆರೆ! ಗೆರೆ!" ಅಂತ ಮೇಜು ಗುದ್ದುತ್ತಾರೆ. "ಒಂದು, ಎರಡು, ಮೂರು, ಝೋ!" ಅಂತ ಕೂಗಿ ಒಂದೇ ಉಸಿರಿಗೆ ಗೆರೆಗೆ ಇಳಿಸಿ ಲೋಟ ಕುಕ್ಕುತ್ತಾರೆ. ಯಾರ ಬಿಯರು ಗೆರೆಗೆ ಸರಿಯಾಗಿ ನಿಂತಿದೆ ಅಂತ ಬಗ್ಗಿ ನೋಡುತ್ತಾರೆ. ಗೆದ್ದವನು ಯಾವಾಗಲೂ ತ್ವಾನ್. ಪಕ್ಕದ ಮೇಜಿನವರೂ ಗೆರೆ ಲೋಟ ಬೇಕು ಅಂದರು, ಆಚೆ ಅಂಗಡಿಯ ಗಿರಾಕಿಗಳೂ ಬಂದರು. ಮೂರು ಪೀಪಾಯಿ ತರಿಸುತ್ತಿದ್ದವಳು ಐದು ತರಿಸಿದೆ.

ತ್ವಾನನ ನಾಲ್ಕು ಸಲ ಮಧ್ಯಾಹ್ನದೊಳಗೇ ಮುಗಿಯತೊಡಗಿತು. ಆಮೇಲೆ ಏಳಾಯಿತು, ಒಂಬತ್ತಾಯಿತು.

"ಒಪ್ಪಂದ ಏನಾಗಿತ್ತೋ?" ಅಂತ ಕೇಳಿದೆ.

"ಗೆರೆ ದಾಟಿದ್ದೀನಾ ಹೇಳು? ಒಂದು ದಿನ, ಒಂದು ಹನಿ?"

ದಾಟಿರಲಿಲ್ಲ. ಅದು ನಿಜ. ಮತ್ತೆ ಅವನು ನಗುತ್ತಿದ್ದ, ಜನ ಅವನನ್ನು ಗೆರೆ ಮೇಸ್ತ್ರಿ ಅಂತ ಕರೆಯುತ್ತಿದ್ದರು, ನನ್ನ ಪೀಪಾಯಿ ಖಾಲಿಯಾಗುತ್ತಿತ್ತು. ನಾನು ಸುಮ್ಮನಾದೆ. ಇದನ್ನು ಬರೆಯುವಾಗ ನಾನು ಯಾಕೆ ಸುಮ್ಮನಾದೆ ಅನ್ನುವುದಕ್ಕೆ ಬೇರೆ ಒಳ್ಳೆಯ ಕಾರಣ ಹುಡುಕಿ ನೋಡಿದೆ, ಸಿಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕಾಲು ಊದಿತು. ಪ್ಯಾಂಟಿನ ಗುಂಡಿ ಹಾಕಲು ಬಾರದಾಯಿತು. ಕಣ್ಣಿನ ಬಿಳಿ ಅರಿಸಿನವಾಯಿತು. ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿ, "ಎಷ್ಟು ಕುಡಿತಿದ್ದಾನೆ?" ಅಂದರು. ಒಂಬತ್ತರ್ಧ ನಾಲ್ಕೂವರೆ ಅಂತ ಲೆಕ್ಕ ಹಾಕಿ ಹೇಳಿದೆ. ಅವರು ನಂಬಲಿಲ್ಲ. ನನಗೆ ಅವಮಾನವಾಯಿತು.

ಅವತ್ತು ಸಂಜೆ ಲೋಟ ತೊಳೆಯಲು ಕೂತೆ. ತ್ವಾನ್ ಬಿಟ್ಟ ಅರ್ಧಗಳು ಸಾಲಾಗಿದ್ದವು. ಟಬ್ಬಿಗೆ ಚೆಲ್ಲುವ ಮೊದಲು, ಯಾಕೋ, ಒಂದರದ್ದನ್ನು ಇನ್ನೊಂದಕ್ಕೆ ಸುರಿದೆ. ಅರ್ಧಕ್ಕೆ ಅರ್ಧ ಸೇರಿದರೆ ಲೋಟ ತುಂಬಬೇಕಲ್ಲ? ತುಂಬಲಿಲ್ಲ. ಬಾಯಿಂದ ಎರಡು ಬೆರಳು ಕೆಳಗೆ ನಿಂತಿತು. ನೊರೆ ಇಳಿದದ್ದಕ್ಕೆ ಅಂದುಕೊಂಡು ನೀರಿನಲ್ಲಿ ಮಾಡಿದೆ, ಎರಡು ಲೋಟಕ್ಕೂ ಗೆರೆಯವರೆಗೆ ನೀರು ಹಾಕಿ. ಅದೇ ಎರಡು ಬೆರಳು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದೆ. ಮೇಲೆ ಅಗಲ, ಕೆಳಗೆ ಕಿರಿದು. ಮೂವತ್ತೊಂದು ವರ್ಷ ಕೈಯಲ್ಲಿ ಹಿಡಿದ ಲೋಟ.

ಬೆಳಿಗ್ಗೆ ಪೀಪಾಯಿ ಬರುವ ಮೊದಲೇ ಅವನನ್ನು ಕೆಳಗೆ ಕರೆದು ಕೂರಿಸಿದೆ. ಎರಡು ಲೋಟ, ಒಂದು ಚೊಂಬು ನೀರು.

"ಏನಿದು, ಜಾದೂನಾ?"

"ನೋಡು ಸುಮ್ಮನೆ."

ಗೆರೆಯವರೆಗೆ ಹಾಕಿದೆ, ಒಂದನ್ನು ಇನ್ನೊಂದಕ್ಕೆ ಸುರಿದೆ. ಅವನು ಎರಡು ಬೆರಳಿನ ಖಾಲಿಯನ್ನು ನೋಡಿದ. ಲೋಟ ಬದಲಾಯಿಸು ಅಂದ. ಬದಲಾಯಿಸಿದೆ. ನಾನೇ ಸುರೀತೀನಿ ಅಂದ. ಸುರಿದ.

"ಮಧ್ಯ ಅಂದ್ರೆ ಮಧ್ಯನೇ ಅಕ್ಕಾ. ದಾರ ಹಿಡಿದು ಅಳೆದಿದ್ದೀನಿ."

"ದಾರ ಎತ್ತರ ಅಳೆಯತ್ತೆ. ಹೊಟ್ಟೆ ಅಳೆಯಲ್ವಲ್ಲ ತಮ್ಮಾ."

ತ್ವಾನ್ ಗೆರೆಯ ಮೇಲೆ ಹೆಬ್ಬೆರಳು ಓಡಿಸಿದ. ಕ್ಷೌರದ ದಾವ್ ಕನ್ನಡಿ ನೇತುಹಾಕಲು ಬಂದವನು ಇಣುಕಿ, "ಏನು ಮೇಸ್ತ್ರಿ, ಬೆಳಿಗ್ಗೆ ಬೆಳಿಗ್ಗೆ ನೀರು? ಹುಷಾರಿಲ್ವಾ?" ಎಂದ. ಯಾರೂ ನಗದಿದ್ದದ್ದಕ್ಕೆ ಹೊರಟುಹೋದ.

"ಹಾಗಾದ್ರೆ ಐವತ್ತು ಅಂದಾಗೆಲ್ಲ ನಾನು ಅರವತ್ತು ಕುಡಿದೆ," ಎಂದ ತ್ವಾನ್. ಬರೇ ಬಿಯರಿನ ಬಗ್ಗೆ ಹೇಳಿದ ಹಾಗಿರಲಿಲ್ಲ. "ನಲವತ್ತು ವರ್ಷ ಇದನ್ನೇ ಊದಿದ್ದೀನಿ. ಇದರ ಅರ್ಧ ನಂಗೆ ಗೊತ್ತಿರಲಿಲ್ಲ."

ಅವನೇ ನೀರು ಹಾಕಿ, ತೆಗೆದು, ಹಾಕಿ, ನಿಜವಾದ ಅರ್ಧ ಹುಡುಕಿದ. ಹಳೆ ಗೆರೆಗಿಂತ ಒಂದು ಬೆರಳು ಮೇಲಿತ್ತು. ಅಚ್ಚಿನಲ್ಲಿ ಅಲ್ಲಿಗೆ ಹೊಸ ಕಚ್ಚು ಕೊರೆದ. ಹಳೆಯ ಕಚ್ಚು ಅಳಿಸಲು ಬರುವಂಥದ್ದಲ್ಲ, ಇದ್ದೇ ಇತ್ತು.

ಈ ಸಲ ನಾನೂ ಬಸ್ಸು ಹತ್ತಿದೆ. ಲ್ಯೂ ಕುಲುಮೆಯ ಬಾಗಿಲು ತೆಗೆದು, "ಬಾ ಅಣ್ಣಾ, ಕೊಳವೆ ಕಾದಿದೆ," ಅಂದಳು. ಅವನ ಹೊಟ್ಟೆ ನೋಡಿ ನನ್ನ ಮುಖ ನೋಡಿದಳು. ತ್ವಾನ್ ಕೊಳವೆಯ ತುದಿಗೆ ಕೆಂಪು ಗಾಜಿನ ಉಂಡೆ ಸುತ್ತಿದ, ತುಟಿಗಿಟ್ಟ, ಊದಿದ. ಉಂಡೆ ನಿಂಬೆಹಣ್ಣಿನಷ್ಟಾಗಿ ನಿಂತಿತು. ಹೊಟ್ಟೆಯಲ್ಲಿ ನೀರು ತುಂಬಿದವನಿಗೆ ಉಸಿರು ಎಲ್ಲಿಂದ ಬರಬೇಕು? ಇನ್ನೊಮ್ಮೆ ಊದಿದ. ಗಾಜು ಒಂದು ಕಡೆಗೆ ಜೋತು ಹಾಗೇ ತಣ್ಣಗಾಯಿತು. ಮೂರನೆಯ ಸಲ ಕೊಳವೆ ತುಟಿಯಲ್ಲೇ ಇತ್ತು, ಊದಲಿಲ್ಲ, ಸುಮ್ಮನೆ ನಿಂತುಬಿಟ್ಟ.

"ಕೊಡಿಲ್ಲಿ," ಎಂದಳು ಲ್ಯೂ. "ಹೊಗೆ ಜಾಸ್ತಿ ಇವತ್ತು. ನಂಗೂ ಆಗ್ತಿಲ್ಲ." ಹಾಗೆ ಹೇಳಿ ಎರಡೇ ಉಸಿರಿಗೆ ಲೋಟ ಊದಿದಳು. ಆರು ಮಾಡಿಕೊಟ್ಟಳು. ಪ್ರತಿಯೊಂದರಲ್ಲೂ ಎರಡು ಗೆರೆ. ತ್ವಾನ್ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಳ್ಳಲಿಲ್ಲ, ನನ್ನ ಕೈಗೆ ಕೊಟ್ಟ.

ಮಾರನೇ ದಿನ ಮೇಜಿನ ಮೇಲೆ ಮೂರು ಹೊಸ ಲೋಟ ಇಟ್ಟೆ. ನಾನೇ ಎಲ್ಲರಿಗೂ ಹೇಳಿದೆ, ಮೇಲಿನ ಗೆರೆಯೇ ಅರ್ಧ, ಕೆಳಗಿನದು ತಪ್ಪು ಅಂತ.

ಬಿಯೆನ್ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದ. "ಓಹೋ. ಮೇಲಿನದು ಹೆಂಗಸರಿಗೆ, ಕೆಳಗಿನದು ಗಂಡಸರಿಗೆ!"

"ಹೆಂಗಸರ ಗೆರೆ!" ಎಂದು ಪಕ್ಕದ ಮೇಜು ಕೂಗಿತು.

"ಬಿಯೆನಣ್ಣಾ, ತಮಾಷೆ ಅಲ್ಲ. ಅವನ ಕಣ್ಣು ನೋಡು," ಎಂದೆ.

ಬಿಯೆನ್ ನೋಡಿದ. ಕೆಟ್ಟವನಲ್ಲ ಅವನು. ಮುಖ ಸಪ್ಪಗಾಯಿತು. "ಸರಿ ಅಕ್ಕ, ಮೇಲಿನ ಗೆರೆ," ಎಂದು ಲೋಟ ಎತ್ತಿದ. ಮೂವರೂ ಮೇಲಿನ ಗೆರೆಗೆ ಕುಡಿದು ಇಟ್ಟರು. ಯಾರೂ ಬಗ್ಗಿ ನೋಡಲಿಲ್ಲ, ಯಾರೂ ಮೇಜು ಗುದ್ದಲಿಲ್ಲ. ಕೈ ಕುಲುಕಿದರು. ದಾವ್ ತ್ವಾನನ ಕೈಯನ್ನು ಮೆತ್ತಗೆ ಹಿಡಿದ, ಆಸ್ಪತ್ರೆಯಲ್ಲಿ ಮಲಗಿದವರ ಕೈ ಹಿಡಿಯುವ ಹಾಗೆ.

ತ್ವಾನ್ ಆ ಕೈಯನ್ನು ನೋಡಿದ. ಪಕ್ಕದ ಮೇಜಿನಲ್ಲಿ ಅವನೇ ಊದಿದ ಲೋಟಗಳಲ್ಲಿ "ಗೆರೆ! ಗೆರೆ!" ನಡೆದೇ ಇತ್ತು.

ಎದ್ದು ಟಬ್ಬಿನ ಹತ್ತಿರ ಬಂದು, ತಳದಲ್ಲಿ ಬಿದ್ದಿದ್ದ ಹಳೆಯ ಲೋಟವೊಂದನ್ನು ತೆಗೆದ. ಗೆರೆಯೇ ಇಲ್ಲದ್ದು, ಕುಲುಮೆ ಉರಿಯುತ್ತಿದ್ದ ಕಾಲದ್ದು, ಸ್ವಲ್ಪ ಓರೆ. ನನ್ನ ಮುಂದೆ ಹಿಡಿದ.

"ಬೇಡ ತಮ್ಮಾ."

"ತುಂಬಾ ಹಿಡಿ ಅಕ್ಕಾ."

"ಅರ್ಧ ಹಿಡೀತೀನಿ. ಸರಿಯಾದ ಅರ್ಧ."

"ತಳ ಎಲ್ಲಿದೆ ಅನ್ನೋದ್ರಲ್ಲಿ ನಾನು ಯಾವತ್ತೂ ತಪ್ಪಿಲ್ಲ," ಎಂದ. ಕೋಪದಿಂದ ಹೇಳಲಿಲ್ಲ. ನಾನು ಹಿಡಿಯದಿದ್ದರೆ ಅವನೇ ಕೊಳವೆ ತೆಗೆದುಕೊಳ್ಳುತ್ತಿದ್ದ, ಅಥವಾ ಆ ಊದಿದ ಕಾಲಲ್ಲಿ ಆಚೆ ಅಂಗಡಿಗೆ ಹತ್ತು ಹೆಜ್ಜೆ ನಡೆಯುತ್ತಿದ್ದ. ಹಿಡಿದೆ.

ಮೇಜಿಗೆ ಹೋಗಿ ನಿಂತೇ ಕೂಗಿದ: "ನೂರು ಪರ್ಸೆಂಟ್!"

ಬಿಯೆನ್ ನನ್ನ ಕಡೆ ನೋಡಿದ. ನಾನು ಏನು ಸನ್ನೆ ಮಾಡಲಿ? ಕೂಗಿದ ಮೇಲೆ ಕೂಗಿದ್ದೇ. ಬಿಯೆನ್ ಎದ್ದ, ದಾವ್ ಎದ್ದ, ಪಕ್ಕದ ಮೇಜೂ ಎದ್ದಿತು. ಒಂದು, ಎರಡು, ಮೂರು. ತ್ವಾನ್ ಎಲ್ಲರಿಗಿಂತ ಮೊದಲು ಮುಗಿಸಿ ಲೋಟವನ್ನು ಬೋರಲು ಹಿಡಿದು ತೋರಿಸಿದ. ಒಂದು ಹನಿ ಬೀಳಲಿಲ್ಲ. ದಾವ್ ಈ ಸಲ ಅವನ ಕೈಯನ್ನು ಜೋರಾಗಿ ಹಿಡಿದು ಕುಲುಕಿದ.

"ಅಕ್ಕಾ, ಇಲ್ಲಿ ಇನ್ನೊಂದು ನಾಲ್ಕು!" ಎಂದು ಯಾರೋ ಕೂಗಿದರು. ಪೀಪಾಯಿಯಲ್ಲಿ ಇನ್ನೂ ಮುಕ್ಕಾಲು ಇತ್ತು, ಹೊರಗೆ ಹನ್ನೊಂದೂವರೆಯ ಬಿಸಿಲು. ನಾನು ಕೊಳವೆ ಎತ್ತಿಕೊಂಡೆ.