ರೇ ಬಾಟಮ್ಲಿಯ ದನಿ

ಇಪ್ಪತ್ತೆರಡು ವರ್ಷ ನಟಿಸಿದರೂ ನಾರ್ಮನ್ ಥ್ರೆಲ್ಫಾಲನಿಗೆ ಒಮ್ಮೆಯೂ ನಾಯಕನ ಪಾತ್ರ ಸಿಕ್ಕಿರಲಿಲ್ಲ. ದಪ್ಪ ಕುತ್ತಿಗೆ, ಗಂಟಿಕ್ಕಿದ ಹುಬ್ಬು, ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಮೂಗು. ಟೆಲಿವಿಷನ್ನಿನವರು ಅವನನ್ನು ಜೈಲಿನ ಕಾವಲುಗಾರ, ಸಾಲ ವಸೂಲಿಯವನು, ಬಾಡಿಗೆದಾರರನ್ನು ಬೀದಿಗೆ ತಳ್ಳುವ ಮನೆಯೊಡೆಯ, ಇಂಥವಕ್ಕೇ ಕರೆಯುತ್ತಿದ್ದರು. ನಲವತ್ತೇಳನೆಯ ವಯಸ್ಸಿನಲ್ಲಿ ಬುಧವಾರದ ಧಾರಾವಾಹಿಯೊಂದರಲ್ಲಿ ರೇ ಬಾಟಮ್ಲಿಯ ಪಾತ್ರ ಬಂತು. ರೇ ಇದ್ದಿಲು ವ್ಯಾಪಾರಿ, ಕುಡುಕ, ಹೆಂಡತಿಗೆ ಹೊಡೆಯುವವನು. ಮೂರು ಕಂತಿಗೆಂದು ಬಂದ ರೇ ನಾಲ್ಕು ವರ್ಷ ಉಳಿದ.

ಅವನೂರು ಸ್ಟಾಕ್‌ಪೋರ್ಟಿನ ಸಂತೆಯಲ್ಲಿ ಮೀನು ಮಾರುವವಳು ಒಮ್ಮೆ ಅವನನ್ನು ಕಂಡದ್ದೇ ಚಾಕು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ನಿಂಗೆ ಕೊಡಲ್ಲ ಹೋಗಯ್ಯ. ಪಾಪದ ಹೆಂಗಸನ್ನ ಹಂಗಾ ಬಡಿಯೋದು?"

ಪಕ್ಕದಲ್ಲಿದ್ದ ಹೆಂಡತಿ ವಿನಿ ನಕ್ಕುಬಿಟ್ಟಳು. "ಇವನಾ? ಮನೇಲಿ ಬೆಕ್ಕಿಗೂ ಹೆದರ್ತಾನೆ ಕಣಮ್ಮ. ಎರಡು ಹ್ಯಾಡಕ್ ಮೀನು ಕಟ್ಟಿಕೊಡು, ನನ್ನ ಹೆಸರಲ್ಲೇ ಕೊಡು."

ಮಾತು ಬಾಯಿಪಾಠ ಮಾಡುವಾಗ ರೇಯ ಹೆಂಡತಿಯ ಭಾಗವನ್ನು ವಿನಿಯೇ ಓದುತ್ತಿದ್ದಳು. ಹಿತ್ತಿಲ ಕೋಣೆಯಲ್ಲಿ ಬಟಾಣಿ ಸುಲಿಯುತ್ತಲೋ, ಹೆಣೆಯುತ್ತಲೋ, ಒಂದಿಷ್ಟೂ ಏರಿಳಿತವಿಲ್ಲದೆ "ಬೇಡ ರೇ, ದಮ್ಮಯ್ಯ, ಬೇಡ" ಎಂದು ಓದಿ, "ಚಹಾ ಮಾಡ್ಲಾ?" ಎನ್ನುವಳು. ಗೋಡೆಯಾಚೆಯ ಮನೆಯ ಮಿಸೆಸ್ ಪಿಲ್ಲಿಂಗ್‌ಗೆ ಇದೆಲ್ಲ ಕೇಳುತ್ತಿತ್ತು. ಆದರೆ ಆಕೆ ಆ ಮನೆಗೆ ಬಂದು ಇನ್ನೂ ಎರಡು ತಿಂಗಳಷ್ಟೇ ಆಗಿತ್ತು, ಟೆಲಿವಿಷನ್ ಇಟ್ಟುಕೊಂಡವಳಲ್ಲ, ಅವನು ನಟನೆಂದು ಗೊತ್ತಿರಲಿಲ್ಲ.

ಎಪ್ಪತ್ತಾರರ ಮಾರ್ಚ್ ತಿಂಗಳ ಒಂದು ಮಂಗಳವಾರ ವಿನಿಗೆ ಪುರುಸೊತ್ತಿರಲಿಲ್ಲ. ಮಹಡಿಯ ಪರದೆಗಳನ್ನೆಲ್ಲ ಒಗೆಯಲು ಹೊರಟಿದ್ದಳು. "ಇವತ್ತು ನಿನ್ನ ಹೆಂಡ್ತಿಗೆ ರಜೆ, ಒಬ್ಬನೇ ಕೂಗಾಡ್ಕೋ" ಎಂದು ಮೇಲೆ ಹೋದಳು. ನಾರ್ಮನ್ ಕಾಗದ ಹಿಡಿದು ಅತ್ತಿಂದಿತ್ತ ನಡೆಯುತ್ತ ಕೂಗಾಡಿದ. ಅದೇ ಕೂಗಿನ ನಡುವೆ ಏನೋ ದಡದಡ ಉರುಳಿದ ಸದ್ದಾಯಿತು. ಪರದೆಯ ಗಂಟು ಬಿದ್ದಿರಬೇಕು ಅಂದುಕೊಂಡ. ಪುಟದ ಕೊನೆಯ ತನಕ ಮಾತು ಮುಗಿಸಿಯೇ ಬಾಗಿಲು ತೆಗೆದ.

ವಿನಿ ಮೆಟ್ಟಿಲ ಬುಡದಲ್ಲಿ ಪರದೆಗಳ ಮೇಲೆ ಬಿದ್ದಿದ್ದಳು. ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ಕಾರ್ಪೆಟ್ ಕಿತ್ತು ಬಂದಿತ್ತು. ಮೊಳೆ ಹೊಡಿ ಎಂದು ಅವಳು ಹೇಳಿ ಮೂರು ವಾರವಾಗಿತ್ತು.

ಮಿಸೆಸ್ ಪಿಲ್ಲಿಂಗ್ ಕೆಟ್ಟವಳಲ್ಲ. ಪೊಲೀಸರು ಕೇಳಿದಾಗ ಕಿವಿಗೆ ಬಿದ್ದದ್ದನ್ನು ಹೇಳಿದಳು, ಅಷ್ಟೇ. ಗಂಡಸೊಬ್ಬ ಅರಚಿದ, ಕೊಲ್ಲುತ್ತೇನೆ ಅಂದ, ಏನೋ ಬಿತ್ತು, ಆಮೇಲೂ ಅರಚುತ್ತಲೇ ಇದ್ದ.

ಸಾವಿನ ವಿಚಾರಣೆ ಏಪ್ರಿಲಿನಲ್ಲಿ ನಡೆಯಿತು. ಅಧಿಕಾರಿ ತೆಳ್ಳನೆಯ ಮುದುಕ, ನೆಗಡಿಯಾಗಿತ್ತು. ಧಾರಾವಾಹಿಯ ಆ ಪುಟಗಳನ್ನು ತರಿಸಿ ಮೇಜಿನ ಮೇಲಿಟ್ಟುಕೊಂಡಿದ್ದ. "ಮಿಸ್ಟರ್ ಥ್ರೆಲ್ಫಾಲ್, ಇದನ್ನ ಓದ್ತೀರಾ? ಮಿಸೆಸ್ ಪಿಲ್ಲಿಂಗ್ ಕೇಳಿದ್ದು ಇದೇ ಮಾತೋ ಅಲ್ವೋ ಗೊತ್ತಾಗಲಿ."

ಎರಡನೆಯ ಸಾಲಿನಲ್ಲಿ ಮಗಳು ಹಿಲರಿ ಕೂತಿದ್ದಳು. ಪ್ರೆಸ್ಟನ್‌ನಲ್ಲಿ ಶಾಲಾ ಶಿಕ್ಷಕಿ, ಮದುವೆಯಾಗಿ ವರ್ಷವಾಗಿತ್ತು. ಅವಳ ಮುಂದೆ ರೇಯ ದನಿ ತೆಗೆಯಲು ನಾರ್ಮನ್‌ಗೆ ಮನಸ್ಸಾಗಲಿಲ್ಲ. ಅಂಗಡಿಯ ಚೀಟಿ ಓದುವವನಂತೆ ತಗ್ಗಿದ ದನಿಯಲ್ಲಿ ಓದಿದ.

"ಇದಲ್ಲ ಸ್ವಾಮಿ," ಎಂದಳು ಮಿಸೆಸ್ ಪಿಲ್ಲಿಂಗ್. "ಮಾತು ಇದೇ ಇರಬಹುದು, ಮನುಷ್ಯ ಇವನಲ್ಲ."

"ಅವತ್ತು ಹೇಗೆ ಹೇಳಿದ್ರೋ ಹಾಗೇ ಹೇಳಿ," ಎಂದ ಅಧಿಕಾರಿ.

ನಾರ್ಮನ್ ಕಾಗದ ಕೆಳಗಿಟ್ಟ. ಅದು ಅವನಿಗೆ ಬೇಕಿರಲಿಲ್ಲ. ಕುತ್ತಿಗೆ ತಗ್ಗಿತು, ಭುಜ ಏರಿತು. "ಬಾಯ್ಮುಚ್ಚೇ! ಇನ್ನೊಂದು ಮಾತಾಡಿದ್ರೆ ಕೊಂದ್ಹಾಕಿಬಿಡ್ತೀನಿ! ನೀನು ಸತ್ರೆ ಅಳೋರು ಯಾರಿದಾರೆ ಈ ಮನೇಲಿ?" ಬರೆದುಕೊಳ್ಳುತ್ತಿದ್ದ ಗುಮಾಸ್ತೆಯ ಪೆನ್ನು ನಿಂತುಹೋಯಿತು.

"ಇದೇ," ಎಂದಳು ಮಿಸೆಸ್ ಪಿಲ್ಲಿಂಗ್, ಕರ್ಚೀಫು ಬಾಯಿಗೊತ್ತಿಕೊಂಡು. "ಅಯ್ಯೋ ದೇವ್ರೇ, ಇದೇ ದನಿ."

ಮಾತು ಪುಟದಲ್ಲಿದ್ದದ್ದೇ ಆಗಿತ್ತು, ಕಾರ್ಪೆಟ್ ಕಿತ್ತುಹೋಗಿತ್ತು, ಮೈಮೇಲೆ ಹೊಡೆತದ ಗುರುತಿರಲಿಲ್ಲ. ಆಕಸ್ಮಿಕ ಸಾವು ಎಂದು ತೀರ್ಪಾಯಿತು. ನಾರ್ಮನ್ ತಿರುಗಿದಾಗ ಹಿಲರಿ ಅವನನ್ನೇ ನೋಡುತ್ತಿದ್ದಳು, ಬಸ್ಸಿನಲ್ಲಿ ಎದುರು ಕೂತ ಅಪರಿಚಿತನನ್ನು ನೋಡುವಂತೆ.

ಮನೆಗೆ ಬಂದು ಕೋಟು ಕಳಚದೆಯೇ ಕೇಳಿದಳು. "ಅಪ್ಪ, ಒಂದೇ ಸಲ ಕೇಳ್ತೀನಿ. ನೀನೇನಾದ್ರೂ ಮಾಡಿದ್ಯಾ?"

"ಇಲ್ಲ ಕಣೇ. ನಿನ್ನಾಣೆ ಇಲ್ಲ." ಅವನ ಕಣ್ಣಲ್ಲಿ ನೀರು ಬಂತು. "ಮೊಳೆ ಹೊಡೀಲಿಲ್ಲ. ಸದ್ದು ಕೇಳಿಸ್ತು, ಹೋಗಲಿಲ್ಲ. ಅಷ್ಟು ಮಾಡಿದೀನಿ."

ಹಿಲರಿ ಅವನ ಮುಖ ನೋಡಿದಳು. "ಹೋದ ಕ್ರಿಸ್‌ಮಸ್ಸಿನ ಕಂತಿನಲ್ಲೂ ನೀನು ಹೀಗೇ ಅತ್ತಿದ್ದೆ. ಅಮ್ಮ, 'ಎಷ್ಟು ಚೆನ್ನಾಗಿ ಅಳ್ತಾನೆ ನೋಡೇ' ಅಂದಿದ್ಲು." ಕೋಟಿನ ಗುಂಡಿ ಹಾಕಿಕೊಂಡಳು. "ನಂಗೆ ಗೊತ್ತಾಗ್ತಿಲ್ಲ ಅಪ್ಪ. ನಂಬಬೇಕು ಅಂತ ಇದೆ, ಆಗ್ತಿಲ್ಲ." ಮೂರೂವರೆಯ ರೈಲು ಹಿಡಿದು ಹೋದಳು.

ಧಾರಾವಾಹಿಯವರಿಗೆ ಪತ್ರಗಳು ಬಂದವು. ಕೆಲವರು ರೇಯನ್ನು ಗಲ್ಲಿಗೇರಿಸಿ ಎಂದು ಬರೆದರು, ಕೆಲವರು ನಾರ್ಮನ್‌ನನ್ನೇ. ಆದರೂ ಅವನಿಗೆ ಕೆಲಸ ಹುಡುಕಿಕೊಡುವ ಬೆರಿಲ್ ಫೋನು ಮಾಡಿದಾಗ ಅವಳ ದನಿಯಲ್ಲಿ ಉತ್ಸಾಹವಿತ್ತು. "ಒಂದು ದೊಡ್ಡ ಪಾತ್ರ ಬಂದಿದೆ ಕಣೋ ನಾರ್ಮನ್. ಲಂಡನ್ನಿನವರು. ಹೆಂಡ್ತೀನ ಕೊಂದ ವೈದ್ಯ. ನೀನೇ ಬೇಕಂತೆ."

"ನಾನೇ ಯಾಕಂತೆ?"

ಬೆರಿಲ್ ಸಂಬಳದ ಮಾತೆತ್ತಿದಳು. ಜೀವನದಲ್ಲಿ ಮೊದಲ ಸಲ ಮುಖ್ಯ ಪಾತ್ರವೊಂದು ತಾನಾಗಿ ಬಂದಿತ್ತು. ನಾರ್ಮನ್ ಬೇಡವೆಂದು ಫೋನು ಇಟ್ಟುಬಿಟ್ಟ. ರೇಯನ್ನೂ ಮುಗಿಸಿಬಿಡಿ ಎಂದು ಧಾರಾವಾಹಿಯವರನ್ನು ಕೇಳಿಕೊಂಡ. ಬರೆಯುವವರು ರೇಯನ್ನು ಕೆನಡಾಕ್ಕೆ ಕಳಿಸಿದರು. ಆಮೇಲೆ ಸಿಕ್ಕಿದ್ದು ಚೂರುಪಾರು: ಬಾಗಿಲು ತೆಗೆಯುವವನು, ಬಾರಿನ ಮೂಲೆಯಲ್ಲಿ ಬೆನ್ನು ಮಾಡಿ ಕೂತವನು, ಒಮ್ಮೆ ಶವ.

ಎರಡು ವರ್ಷದ ಮೇಲೆ ಹಿಲರಿ ಕಾಗದ ಬರೆದಳು. ಹೆಣ್ಣು ಮಗು ಹುಟ್ಟಿದೆ, ಬೇಕಾದರೆ ಬಂದು ನೋಡು. ನಾರ್ಮನ್ ಹೊಸ ಟೈ ಕಟ್ಟಿಕೊಂಡು ಪ್ರೆಸ್ಟನ್‌ಗೆ ಹೋದ. ಅಳಿಯ ಕೆಲಸಕ್ಕೆ ಹೋಗಿದ್ದ. ಹಿಲರಿ ಕೇಕು ಕೊಯ್ದಳು, ಅಡುಗೆಮನೆಯಲ್ಲಿ ಚಹಾಕ್ಕೆ ಸೀಟಿಯ ಕೆಟಲ್ ಇಟ್ಟು ಬಂದಳು, ಮಗುವನ್ನು ಅವನ ತೋಳಿಗೆ ಕೊಟ್ಟಳು.

"ತಲೆ ಹಿಡ್ಕೋ."

"ಗೊತ್ತು ಕಣೇ. ನಿನ್ನನ್ನೂ ಎತ್ತಿದೀನಿ."

ಮಗುವಿಗೆ ವಿನಿಯ ಗಲ್ಲವಿತ್ತು. ಅದು ಅವನ ಸೊಟ್ಟ ಮೂಗನ್ನು ನೋಡಿ ಆಕಳಿಸಿತು. ಅಡುಗೆಮನೆಯಲ್ಲಿ ಕೆಟಲ್ ಕೂಗತೊಡಗಿತು. ಹಿಲರಿ ಏಳಲಿಲ್ಲ. ಕೂಗು ಏರಿತು, ಹಬೆ ಬಾಗಿಲವರೆಗೂ ಬಂತು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಮಗುವಿನ ಮೇಲೆ ಕಣ್ಣಿಟ್ಟು, ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದಳು.

ನಾರ್ಮನ್‌ಗೆ ಅರ್ಥವಾಯಿತು. ಎದ್ದು ಮಗುವನ್ನು ಜೋಪಾನವಾಗಿ ಅವಳ ಮಡಿಲಿಗಿಟ್ಟ.

"ನೀನು ಕೂತಿರು," ಎಂದ. "ನಾನು ಆರಿಸಿ ಬರ್ತೀನಿ."