ಎರಡನೆಯ ತಪಾಸಣೆ

ಯೋನಾ ಚಿರಂಬೊ ಕೈಗಡಿಯಾರವನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಳ್ಳುವಷ್ಟರಲ್ಲಿ ತವೊಂಗ ಝಗಾಂಬೊ ಕರಿಹಲಗೆಯ ಮೇಲೆ ನಿಯಮವನ್ನು ಬರೆದು, ಸುತ್ತಲೂ ಚೌಕ ಎಳೆದಿದ್ದಳು.

"ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ?"

"ಪ್ಲಸ್!" ತೊಂಬತ್ತನಾಲ್ಕು ಮಕ್ಕಳ ಕೂಗಿಗೆ ತಗಡಿನ ಮಾಡು ಗುಂಯ್‌ಗುಟ್ಟಿತು.

"ಇನ್ನೊಂದ್ಸಲ."

ಹಿಂದಿನ ಗೋಡೆಗೆ ಒತ್ತಿದ ಕುರ್ಚಿಯಲ್ಲಿ ಕುಳಿತಿದ್ದ ಚಿರಂಬೊ ತಪಾಸಣೆ ನಮೂನೆಯ ಮೊದಲ ಅಂಕಣವಾದ ಶಿಸ್ತಿಗೆ ಹತ್ತಕ್ಕೆ ಒಂಬತ್ತು ಎಂದು ಬರೆದರು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗಣಿತ ಬೋಧನೆಯನ್ನು ಕಲಿಸಿದವರು ಅವರು. ಈ ಶೈಕ್ಷಣಿಕ ಅವಧಿಯ ಕೊನೆಗೆ ನಿವೃತ್ತಿ. ಸರೋವರದ ದಂಡೆಯ ಈ ಪ್ರೌಢಶಾಲೆಗೆ ತವೊಂಗಳ ಪಾಠ ನೋಡಲು ಬಂದದ್ದು ಎರಡನೆಯ ಸಲ.

ಮೊದಲ ಸಲ ಅವಳು ಹಾಲುಪುಡಿಯ ಖಾಲಿ ಡಬ್ಬವೊಂದನ್ನು ಮೇಜಿನ ಮೇಲಿಟ್ಟು, ಮುಸುಕಿನ ಜೋಳದ ಕಾಳೊಂದು ಪ್ಲಸ್ ಒಂದು, ಕಲ್ಲೊಂದು ಮೈನಸ್ ಒಂದು, ಎರಡೂ ಸೇರಿದರೆ ಸೊನ್ನೆ ಎಂದು ಮಕ್ಕಳೊಡನೆ ಒಪ್ಪಂದ ಮಾಡಿಕೊಂಡಿದ್ದಳು. ಮೂರು ಕಾಳು, ಮೂರು ಕಲ್ಲು ಹಾಕಿದಳು. ಡಬ್ಬದ ಬೆಲೆ ಇನ್ನೂ ಸೊನ್ನೆಯೇ. ಬಳಿಕ ಕಲ್ಲುಗಳನ್ನಷ್ಟೇ ಹೆಕ್ಕಿ ತೆಗೆದಳು. ಮೈನಸ್ ಮೂರನ್ನು ಕಳೆದಾಗ ಪ್ಲಸ್ ಮೂರು ಉಳಿಯಿತು. ಮಕ್ಕಳು ಬೆಂಚು ಬಿಟ್ಟು ಬಂದು ಡಬ್ಬದೊಳಕ್ಕೆ ಇಣುಕಿದ್ದರು. ಗದ್ದಲವೋ ಗದ್ದಲ. ನಲವತ್ತು ನಿಮಿಷಕ್ಕೆ ಒಂದೇ ಲೆಕ್ಕ. ಚಿರಂಬೊ ನೂರಕ್ಕೆ ನಲವತ್ತೊಂದು ಕೊಟ್ಟು ಕೆಂಪು ಶಾಯಿಯಲ್ಲಿ ಷರಾ ಬರೆದಿದ್ದರು: "ಇದು ಶಿಶುವಿಹಾರವಲ್ಲ. ನಿಯಮವನ್ನು ಹೇಳಿ ಅಭ್ಯಾಸ ಮಾಡಿಸತಕ್ಕದ್ದು."

ಆದರೆ ಅದಾದ ಮೇಲೆ, ಒಂದು ಭಾನುವಾರ, ಊಟದ ಮೇಜಿನ ಮೇಲೆ ಅವರೇ ಆರು ಕಾಳು, ಆರು ಕಲ್ಲು ಹರಡಿಕೊಂಡು ಕುಳಿತರು. ಮೂರು ಮೂರರಂತೆ ಎರಡು ಸಲ ಕಲ್ಲುಗಳನ್ನು ತೆಗೆದರು. ಆರು ಕಾಳು ಉಳಿದವು. ಮೈನಸ್ ಮೂರನ್ನು ಎರಡು ಸಲ ಕಳೆದದ್ದು, ಅಂದರೆ ಮೈನಸ್ ಎರಡು ಗುಣಿಸು ಮೈನಸ್ ಮೂರು. ಸಾವಿರಾರು ಶಿಕ್ಷಕರಿಗೆ ತಾವು ಬಾಯಿಪಾಠ ಮಾಡಿಸಿದ್ದ ನಿಯಮವನ್ನು ಅವರು ಕಣ್ಣಾರೆ ಕಂಡದ್ದು ಅಂದೇ. ಇದೇ ಪಾಠವನ್ನು ಅವಳ ಕೈಯಲ್ಲಿ ನೋಡಬೇಕೆಂದು ಮೂರು ಗಂಟೆ ಬಸ್ಸಿನಲ್ಲಿ ಕುಲುಕಾಡಿ ಬಂದಿದ್ದರು.

ಬೆಳಿಗ್ಗೆ ಮುಖ್ಯೋಪಾಧ್ಯಾಯರು ಗೇಟಿನಲ್ಲೇ ಅವರನ್ನು ಹಿಡಿದು ನಿಲ್ಲಿಸಿದ್ದರು. "ಈ ಸಲ ಪಾಸ್ ಮಾಡ್ಬಿಡಿ ಸರ್. ಲೆಕ್ಕಕ್ಕೆ ನಮಗಿರೋದು ಇವಳೊಬ್ಬಳೇ. ಇಲ್ದಿದ್ರೆ ಕೃಷಿ ಮೇಷ್ಟ್ರ ತಲೆಗೆ ಕಟ್ಬೇಕು, ಅವರೋ ಮನೆ ಮೇಕೆಗಳನ್ನೇ ದಿನಕ್ಕೊಂದು ಥರ ಎಣಿಸ್ತಾರೆ."

ಮುಂದಿನ ಸಾಲಿನಲ್ಲಿ ಎಸ್ನಾತ್ ಎಂಬ ಹುಡುಗಿ ಎದ್ದು ನಿಂತಳು.

"ಮೇಡಂ, ಇಲ್ಲದ್ದನ್ನ ಇಲ್ಲದ್ದರಿಂದ ಗುಣಿಸಿದ್ರೆ ಇರೋದು ಎಲ್ಲಿಂದ ಬರುತ್ತೆ?"

"ಕೂತ್ಕೊಳೇ, ಸರ್ ಬಂದಿದ್ದಾರೆ," ಎಂದು ಹಿಂದಿನಿಂದ ಯಾರೋ ಗದರಿದರು. ತರಗತಿ ಕಿಸಕ್ಕೆಂದಿತು.

ಚಿರಂಬೊ ಅವರ ಪೆನ್ನು ನಿಂತಿತು. ಮೇಜಿನ ಮೇಲೆ ಅದೇ ಡಬ್ಬವಿತ್ತು. ತವೊಂಗ ಅದರತ್ತ ನೋಡಿದಳು. ಆಮೇಲೆ ಹಿಂದಿನ ಗೋಡೆಯತ್ತ, ಅವರ ತೊಡೆಯ ಮೇಲಿನ ಗಡಿಯಾರದತ್ತ. ಡಬ್ಬಕ್ಕೆ ಕೈಹಾಕಿ ಹೊಸ ಸೀಮೆಸುಣ್ಣ ತೆಗೆದುಕೊಂಡಳು.

"ಅದು ನಿಯಮ. ಬರ್ಕೋ."

ಎಸ್ನಾತ್ ಕುಳಿತು ಬರೆದುಕೊಂಡಳು. ತಪಾಸಣೆಗೆ ಬಂದವರು ಪಾಠದ ನಡುವೆ ಬಾಯಿ ಹಾಕಬಾರದೆಂಬ ಸೂಚನೆ ನಮೂನೆಯ ನೆತ್ತಿಯ ಮೇಲೇ ಇತ್ತು. ಅದನ್ನು ಬರೆದವರೂ ಚಿರಂಬೊ ಅವರೇ. ಅವರು ಏಳಲಿಲ್ಲ. ನಲವತ್ತು ನಿಮಿಷದಲ್ಲಿ ಹದಿನೆಂಟು ಲೆಕ್ಕಗಳಾದವು.

ಗಂಟೆ ಹೊಡೆದು ಮಕ್ಕಳು ಹೊರಗೋಡಿದ ಮೇಲೆ ತವೊಂಗ ಕೈ ಕಟ್ಟಿಕೊಂಡು ಮೇಜಿನ ಬಳಿ ನಿಂತಳು.

"ಈ ಸಲ ಸರಿಯಾಯ್ತಾ ಸರ್?"

"ಆ ಹುಡುಗಿ ಕೇಳಿದಾಗ ಕಾಳು ಕಲ್ಲು ಯಾಕಮ್ಮ ತೆಗೀಲಿಲ್ಲ?"

"ಅಯ್ಯೋ, ಅದನ್ನ ಆವತ್ತೇ ಬಿಟ್ಟೆ ಸರ್. ಆಣೆಗೂ ಆಮೇಲೆ ಒಂದು ದಿನಾನೂ ಮಾಡಿಲ್ಲ. ಬೇಕಾದ್ರೆ ಹೆಡ್‌ಮಾಸ್ಟರನ್ನ ಕೇಳಿ."

"ಅದು ಚೆನ್ನಾಗಿತ್ತು."

"ನನ್ನ ಪರೀಕ್ಷೆ ಮಾಡ್ತಿದ್ದೀರಾ ಸರ್?" ಅವಳು ನಗಲು ನೋಡಿದಳು. "ಈ ಸಲ ನಾನು ಸಿಕ್ಕಿ ಬೀಳಲ್ಲ."

"ಪರೀಕ್ಷೆ ಅಲ್ಲ. ನಿಜವಾಗಿ ಹೇಳ್ತಿದ್ದೀನಿ."

"ಸರಿ ಸರ್," ಎಂದಳು ಅವಳು, ಮಕ್ಕಳು ತನಗೆ ಹೇಳುವ ಧಾಟಿಯಲ್ಲೇ.

ಚಿರಂಬೊ ನಮೂನೆಯನ್ನು ಹತ್ತಿರಕ್ಕೆಳೆದುಕೊಂಡರು. ಎರಡು ತಪಾಸಣೆಗಳ ಸರಾಸರಿ ಅರವತ್ತಾದರೆ ಮಾತ್ರ ಪ್ರಮಾಣಪತ್ರ. ನಲವತ್ತೊಂದು ಆಗಲೇ ಇಲಾಖೆಯ ದಫ್ತರು ಸೇರಿದೆ, ತಿದ್ದುವಂತಿಲ್ಲ. ಇಂದು ಎಪ್ಪತ್ತೊಂಬತ್ತಕ್ಕೆ ಒಂದು ಅಂಕ ಕಡಿಮೆಯಾದರೂ ಅವಳು ಶಿಕ್ಷಕಿಯಲ್ಲ. ಇಂದು ಕಂಡ ಪಾಠಕ್ಕೆ ಅವರ ಮನಸ್ಸು ಇಪ್ಪತ್ತಕ್ಕಿಂತ ಮೇಲೆ ಏರಲಿಲ್ಲ. ಎಂಬತ್ತಮೂರು ಎಂದು ಬರೆದರು. ಷರಾ ಅಂಕಣದಲ್ಲಿ, "ಉತ್ತಮ. ಹೀಗೆಯೇ ಮುಂದುವರಿಯತಕ್ಕದ್ದು." ಸಹಿ ಹಾಕಿದರು.

ಓದಿದ ತವೊಂಗ ಅಲ್ಲಿನ ರೂಢಿಯಂತೆ ಎರಡೂ ಮೊಣಕಾಲು ಮಡಿಸಿ ಚಪ್ಪಾಳೆ ತಟ್ಟಿ ವಂದಿಸಿದಳು. ಮುಖ್ಯೋಪಾಧ್ಯಾಯರಿಗೆ ತೋರಿಸಲು ಹಾಳೆ ಹಿಡಿದು ಅಂಗಳ ದಾಟಿ ಓಡಿದಳು.

ಕೋಣೆಯಲ್ಲಿ ಚಿರಂಬೊ ಒಬ್ಬರೇ ಉಳಿದರು. ಹಲಗೆಯ ಅಂಚಿನಲ್ಲಿ ಬಿದ್ದಿದ್ದ ಸೀಮೆಸುಣ್ಣದ ತುಂಡುಗಳನ್ನು ಹೆಕ್ಕಿ ಡಬ್ಬಕ್ಕೆ ಹಾಕಲು ಹೋದಾಗ ತಳದ ಬಿಳಿ ಪುಡಿಯಲ್ಲಿ ಬೆರಳಿಗೇನೋ ತಾಗಿತು. ಒಂದು ಜೋಳದ ಕಾಳು. ನುಸಿ ಕೊರೆದು ಒಳಗೆಲ್ಲ ಟೊಳ್ಳಾಗಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ತಳಕ್ಕೇ ಹಾಕಿದರು. ಅದರ ಮೇಲೆ ಸೀಮೆಸುಣ್ಣದ ತುಂಡುಗಳನ್ನು ಒಂದೊಂದಾಗಿ ಇಟ್ಟರು.